ಉಳ್ಳಾಗಡ್ಡಿ ಬಣ್ಣದ ಅಂಚು

ನಮ್ಮೂರಿನಲ್ಲಿ ಸೋಪಿಗೆ ಬಣ್ಣ ಹಿಡಿಯಬೇಕಾದರೆ ಆ ಬಣ್ಣ ಮೊದಲು ಯಾರದಾದರೂ ಮುಖ ಕಂಡಿರಬೇಕು. ಅಂಗಡಿಯಿಂದ ಹೊಸ ಲಿಪ್‌ಸ್ಟಿಕ್ ತಂದು ಹಾಗೇ ಪಾತ್ರೆಗೆ ಹಾಕಿ ನೋಡಿ, ಸೋಪು ಬೆಳ್ಳಗೆ ಸುಣ್ಣದ ಗಟ್ಟಿಯಂತೆ ಕೂತಿರುತ್ತದೆ. ಅದೇ ಲಿಪ್‌ಸ್ಟಿಕ್ಕನ್ನು ಒಬ್ಬಳು ಹಚ್ಚಿ ಹಚ್ಚಿ, ಬೆಂಕಿಕಡ್ಡಿಯಿಂದ ಕೆರೆದು ತೆಗೆಯುವಷ್ಟು ತಳದಲ್ಲಿ ಉಳಿಸಿ ತಂದುಕೊಟ್ಟರೆ ಮಾತ್ರ ಬಣ್ಣ ಏಳುತ್ತದೆ. ಅದೂ ಡಬ್ಬಿಯ ಮೇಲೆ ಬರೆದ ಬಣ್ಣವಲ್ಲ, ಹಚ್ಚಿದವಳ ಬಣ್ಣ. ಅಕ್ಕ ಒಂದು, ತಂಗಿ ಒಂದು ಅಂತ ಒಂದೇ ಥರದ್ದನ್ನು ಕೊಂಡು ಹಚ್ಚಿದರೂ ಅಕ್ಕನ ಸೋಪು ಒಂದು ಬಣ್ಣ, ತಂಗಿಯದು ಇನ್ನೊಂದು.

ಈ ಸೋಪು ಕಾಯಿಸುವವಳು ನಾನು, ನೀಲವ್ವ. ಊರ ಹೆಂಗಸರು ನನ್ನ ಪಡಸಾಲೆಗೆ ತಂದು ಸುರಿಯುವ ಚೂರುಪಾರು ನೀವು ನೋಡಬೇಕು. ಒಡೆದ ಪೌಡರ್ ಬಿಲ್ಲೆ, ಒಣಗಿದ ಕಾಡಿಗೆ ಕಡ್ಡಿ, ಕನ್ನಡಿ ಬಿದ್ದುಹೋದ ಡಬ್ಬಿಯ ಮೂಲೆಯಲ್ಲಿ ಅಂಟಿಕೊಂಡ ಗಲ್ಲದ ಬಣ್ಣ, ರೆಪ್ಪೆಗೆ ಹಚ್ಚುವ ಮಿನುಗುಪುಡಿ. ಬೇರೆ ಊರುಗಳಲ್ಲಿ ಇದನ್ನೆಲ್ಲ ತಿಪ್ಪೆಗೆ ಎಸೆಯುತ್ತಾರಂತೆ. ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉಗುರಿನ ಬಣ್ಣ ತಂದವರನ್ನು ಮಾತ್ರ ವಾಪಸು ಕಳಿಸುತ್ತೇನೆ. ಅದು ಮುಖ ಕಂಡದ್ದಲ್ಲ.

ಕೆಲಸ ಹೇಳುವಷ್ಟು ಸುಲಭವಲ್ಲ. ಸ್ಟೀಲಿನ ಪಾತ್ರೆಯ ನೀರಿಗೆ ಕಾಸ್ಟಿಕ್ ಸೋಡಾ ಬಿಟ್ಟು ಆರಿಸಬೇಕು. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಅದಕ್ಕೆ ಈ ನೀರು ಸುರಿದು ತಿರುವುತ್ತ ಹೋಗಬೇಕು. ಅದು ಅಂಬಲಿಯ ಹದಕ್ಕೆ ಬಂದಾಗ, ಔಡಲೆಣ್ಣೆಯಲ್ಲಿ ಕರಗಿಸಿಟ್ಟ ಬಣ್ಣ ಬಿಡಬೇಕು. ಮೊದಲೇ ಬಿಟ್ಟರೆ ತಳಕ್ಕಿಳಿಯುತ್ತದೆ, ತಡವಾದರೆ ಗೆರೆಗೆರೆಯಾಗುತ್ತದೆ. ತಿರುವುವಾಗ ನಾನು ಮುಖ ತೊಳೆದು, ಕಣ್ಣಷ್ಟೇ ಬಿಟ್ಟು ಬಟ್ಟೆ ಕಟ್ಟಿಕೊಳ್ಳುತ್ತೇನೆ. ನನ್ನ ಮುಖದ ಪೌಡರಿನ ಒಂದು ಕಣ ಬಿದ್ದರೂ ಆ ಮನೆಯ ಬಣ್ಣದ ಅಂಚಿನಲ್ಲಿ ನಾನು ಕಾಣಿಸಿಕೊಂಡುಬಿಡುತ್ತೇನೆ. ಸೋಪಿನವಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನನ್ನ ಕೈಯಲ್ಲಿ ಒಮ್ಮೆಯೂ ಹಾಗೆ ಆಗಿರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಂಡು ತಿರುಗುತ್ತೇನೆ ಎಂದು ಕೆಲವರು ನಗುತ್ತಾರೆ. ನಾನು ಹೇಳಿಕೊಳ್ಳದೆ ಇನ್ನಾರು ಹೇಳಬೇಕು?

ಸೋಪಿನ ಬಣ್ಣ ಊರಿಗೆಲ್ಲ ಗೊತ್ತಾಗುವುದು ನೊರೆಯಿಂದ. ಇಲ್ಲಿ ನೊರೆ ಒಡೆಯುವುದಿಲ್ಲ. ಬೆಳಿಗ್ಗೆ ಮಿಂದದ್ದು ಬಚ್ಚಲಿನಿಂದ ಇಳಿದು ಊರ ನಡುವಿನ ಕಾಲುವೆಗೆ ಬಂದು, ಮನೆ ಮನೆ ದಾಟಿ, ಕೆಳಗಿನ ಕೆರೆಯಲ್ಲಿ ಗುಡ್ಡೆಗೂಡಿ ನಿಲ್ಲುತ್ತದೆ. ಸಂಜೆ ಮೊದಲ ದೀಪ ಹಚ್ಚಿದ ಕೂಡಲೇ ಎಲ್ಲವೂ ಒಟ್ಟಿಗೆ ಒಡೆದುಹೋಗುತ್ತದೆ. ಆ ಮೊದಲ ದೀಪ ಕಾಲುವೆಯ ತಲೆಗಿರುವ ಮನೆಯದು, ಅಂದರೆ ನನ್ನದು. ಆಮೇಲೆ ಉಳಿದವರು ಹಚ್ಚುತ್ತಾರೆ. ಕಾಲುವೆಯ ಕಟ್ಟೆಯ ಮೇಲೆ ಕೂತ ಮುದುಕರು ಬೂದು ನೊರೆ ಬಂದರೆ ಕಾಡಿಗೆಯವರ ಮನೆಯಲ್ಲಿ ಸ್ನಾನವಾಯಿತು ಎನ್ನುತ್ತಾರೆ, ಹವಳದ ಬಣ್ಣ ಬರದಿದ್ದರೆ ಮಾಸ್ತರರ ಹೆಂಡತಿಗೆ ಜ್ವರವೇನೋ ಎಂದು ವಿಚಾರಿಸಲು ಎದ್ದು ಹೋಗುತ್ತಾರೆ. ನನ್ನ ನೊರೆ ತೆಳು ಗುಲಾಬಿ. ಊರವರು ಅದಕ್ಕೆ ಉಳ್ಳಾಗಡ್ಡಿ ಸಿಪ್ಪೆ ಬಣ್ಣ ಅನ್ನುತ್ತಾರೆ. ಗುಲಾಬಿ ಎಂದು ನಾನು ಎಷ್ಟು ತಿದ್ದಿದರೂ ಕೇಳಲಿಲ್ಲ, ಈಗ ನಾನೂ ಹಾಗೇ ಅನ್ನುತ್ತೇನೆ.

ಹಚ್ಚಿಕೊಳ್ಳುವ ಹೆಂಗಸಿಲ್ಲದ ಮನೆಯ ನೊರೆ ಬಿಳಿ. ಮದುವೆಯಾಗುವವರೆಗೆ ಹುಡುಗಿಯರು ಹಚ್ಚಿಕೊಳ್ಳುವಂತಿಲ್ಲ. ಅಂಥವಕ್ಕೆ ಬಿಳಿ ಮನೆ ಎಂದು ಹೆಸರು. ಯಾರೂ ಎದುರಿಗೆ ಹಂಗಿಸುವುದಿಲ್ಲ, ಆದರೆ ಬಿಳಿ ನೊರೆ ಹಾದುಹೋಗುವಾಗ ಕಟ್ಟೆಯ ಮಾತು ಒಂದು ಗಳಿಗೆ ನಿಲ್ಲುತ್ತದೆ. ಬೇರೆ ಮನೆಯ ಸೋಪು ಇಸಿದುಕೊಂಡು ಮೀಯುವುದಂತೂ ಇನ್ನೂ ಕೀಳು. ಅದು ಎರವಲು ನೊರೆ.

ನನ್ನ ಗೋಡೆಗೆ ಗೋಡೆ ಕೂಡಿದ ಮನೆ ಗುರುಪಾದಪ್ಪನದು. ಅವನು ನಾಟಕ ಕಂಪನಿಯಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದ. ರಾಣಿ ಕಸ್ತೂರಿಯಾಗಿ ಅವನು ರಂಗಕ್ಕೆ ಬಂದರೆ ಊರ ಹೆಂಗಸರು ಅವನ ಸೀರೆಯ ನೆರಿಗೆ ಎಣಿಸುತ್ತಿದ್ದರು. ಮರುದಿನ ಬಾವಿಯ ಹತ್ತಿರ ನೋಡಿದರೆ ಎಲ್ಲರ ಸೆರಗೂ ರಾಣಿ ಕಸ್ತೂರಿಯಂತೆ ಎಡಭುಜದ ಮೇಲೆ ಮಡಿಕೆ ಮಡಿಕೆಯಾಗಿ ಕೂತಿರುತ್ತಿತ್ತು. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಅವಳು ಬಿಟ್ಟುಹೋಗಿದ್ದ ಒಂದು ಪೌಡರ್ ಡಬ್ಬಿಯಿಂದ ನಾನು ಕೂಸಿಗೆ ಸೋಪು ಮಾಡಿಕೊಟ್ಟೆ. ಕೂಸು ಅಂಬೆಗಾಲು ಇಡುವಷ್ಟರಲ್ಲಿ ಆ ಸೋಪು ಸವೆದು ಮುಗಿಯಿತು. ಅಲ್ಲಿಂದ ಆ ಮನೆ ಬಿಳಿ ಮನೆ.

ಆ ಕೂಸೇ ದಾನಮ್ಮ. ಅಪ್ಪ ಕಂಪನಿಯ ಜೊತೆ ಊರೂರು ತಿರುಗುವಾಗ ಅವಳು ನನ್ನ ಪಡಸಾಲೆಯಲ್ಲಿ ಬೆಳೆದಳು. ನನ್ನನ್ನು ಚಿಗವ್ವ ಎನ್ನುತ್ತಾಳೆ. ಜಡೆ ಹಾಕಿದವಳು ನಾನು, ಜ್ವರ ಬಂದಾಗ ಎದೆಗಪ್ಪಿಕೊಂಡವಳು ನಾನು, ಬೈದವಳೂ ನಾನೇ. ನನಗೆ ಮಕ್ಕಳಿಲ್ಲ. ಒಂದು ಸಲ, ಇನ್ನೂ ಲಂಗ ಉಡುವ ವಯಸ್ಸು, ನನ್ನ ಉಳ್ಳಾಗಡ್ಡಿ ಸೋಪನ್ನು ಕೈಯಲ್ಲಿ ಹಿಡಿದುಕೊಂಡು, "ಚಿಗವ್ವಾ, ಇವತ್ತೊಂದಿನ ಇದನ್ನ ಹಚ್ಕೊಳ್ಳೇನು?" ಎಂದು ಕೇಳಿದಳು. ನಾನು ಕೊಡಲಿಲ್ಲ. ಕೊಟ್ಟರೆ ಕಟ್ಟೆಯವರು ಎರವಲು ಎನ್ನುತ್ತಿದ್ದರು. ಅವಳು ಸೋಪನ್ನು ಮೂಸಿ ನೋಡಿ ಇದ್ದಲ್ಲೇ ಇಟ್ಟಳು, ಇನ್ನೊಮ್ಮೆ ಕೇಳಲಿಲ್ಲ. ಆದರೆ ಸೋಪಿನ ಕೆಲಸವನ್ನೆಲ್ಲ ನೋಡಿ ನೋಡಿಯೇ ಕಲಿತಳು. ಯಾವ ಚೂರು ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ನನಗಿಂತ ಮೊದಲೇ ಹೇಳಿಬಿಡುತ್ತಿದ್ದಳು.

ಈಗ ಮದುವೆಯ ಮಾತು. ಕೆರೆಯ ಬದಿಯ ದೊಡ್ಡ ಮನೆಯ ಚನ್ನವೀರ ಅವಳನ್ನು ಮೆಚ್ಚಿದ್ದ, ಇವಳೂ ಒಪ್ಪಿದ್ದಳು. ನಮ್ಮಲ್ಲಿ ಮದುವೆಯ ಬೆಳಿಗ್ಗೆ ಹುಡುಗಿ ತವರಿನಲ್ಲಿ ತವರಿನ ಸೋಪಿನಿಂದ ಮೀಯುತ್ತಾಳೆ. ನೊರೆ ಕಾಲುವೆಯಲ್ಲಿ ಇಳಿದು ಬರುತ್ತದೆ. ಗಂಡಿನ ಮನೆಯ ಹಿರಿಯಳು ಹಿತ್ತಾಳೆಯ ಅಗಲ ತಾಟು, ಪರಾತ, ಹಿಡಿದು ನೀರಿನ ಅಂಚಿಗೆ ನಿಂತು ಅದನ್ನು ಎತ್ತಿ, ತಮ್ಮ ಹೊಸ್ತಿಲಿಗೆ ಹಚ್ಚಬೇಕು. ಎತ್ತಿದರೆ ಮದುವೆ. ಎತ್ತದೆ ಬಿಟ್ಟರೆ ನೊರೆ ಕೆರೆಗೆ ಹೋಗುತ್ತದೆ, ಹುಡುಗಿ ತವರಿನಲ್ಲೇ ಉಳಿಯುತ್ತಾಳೆ. ಚನ್ನವೀರನ ಮನೆಯಲ್ಲಿ ಪರಾತ ಹಿಡಿಯುವವಳು ಅವನ ಅಜ್ಜಿ ಬಾಳವ್ವ. ಆ ಮುದುಕಿ ಒಂದು ಮಾತಾಡಿದರೆ ಮನೆಮಂದಿಯೆಲ್ಲ ಗಪ್‌ಚಿಪ್.

ಬಾಳವ್ವ ಒಂದು ಮಧ್ಯಾಹ್ನ ನನ್ನ ಪಡಸಾಲೆಗೇ ಬಂದಳು. ಗುರುಪಾದಪ್ಪನೂ ದಾನಮ್ಮನೂ ಅಲ್ಲೇ ಇದ್ದರು. ನೀರು ಬೆಲ್ಲ ಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು ಶುರುಮಾಡಿದಳು. "ಹುಡುಗಿ ಚಲೋ ಅದಾಳ, ಮನಿತನ ಚಲೋ ಐತಿ. ತಾಯಿ ಇಲ್ಲ, ಅದು ಆಕಿ ತಪ್ಪಲ್ಲ. ಬಿಳೀ ಸೋಪು ಹಚ್ಕೊಂಡು ಬರ್ಲಿ, ನಾನು ನೊರಿ ಎತ್ತತೀನಿ. ಯಾರೂ ತುಟಿ ಪಿಟಕ್ ಅನ್ನದಂಗ ನೋಡ್ಕೋತೀನಿ."

ಅವಳು ಹೇಳಿದ್ದು ಕರುಣೆಯಿಂದಲೇ. ದಾನಮ್ಮನಿಗೆ ಚುಚ್ಚಿದ್ದೂ ಅದೇ. "ಆಯಿ, ನಮ್ಮನಿ ಬಿಳೀ ಮನಿ ಅಲ್ಲರಿ," ಎಂದಳು. "ನಮ್ಮಪ್ಪನ ಬಣ್ಣ ಐತಿ. ನಾಟಕದ ಟ್ರಂಕಿನಾಗ ಹಂಗ ಐತಿ. ಮುಖಾ ಕಂಡ ಬಣ್ಣ, ಊರ ಮಂದಿಯೆಲ್ಲಾ ನೋಡಿದ ಮುಖಾ."

ಗುರುಪಾದಪ್ಪ ಗಾಬರಿಯಾಗಿ, "ಏ ದಾನೀ, ಸುಮ್ನಿರ," ಎಂದ. ಬಾಳವ್ವ ಮೊದಲು ನಕ್ಕಳು, ಆಮೇಲೆ ಹುಡುಗಿ ಚೇಷ್ಟೆ ಮಾಡುತ್ತಿಲ್ಲ ಎಂದು ಗೊತ್ತಾಗಿ ಅವಳ ಮುಖ ಬಿಗಿಯಿತು.

"ಗಂಡಸಿನ ಬಣ್ಣಾ? ನಮ್ಮ ಹೊಸ್ತಲಿಗಾ? ಆ ಹೊಸ್ತಲಿಗೆ ಹೆಣ್ಣಿನ ಬಣ್ಣ ಬಿಟ್ರ ಬ್ಯಾರೆ ಹತ್ತಿಲ್ಲ. ಸೊಸೆಯಾಗಿ ಬರಾಕಿಗೆ ತಾಯಿ ಬಣ್ಣ ಇರಬೇಕು, ಇಲ್ಲಂದ್ರ ಬಿಳಿ ಇರಬೇಕು."

"ನಿಮ್ಮ ಹೊಸ್ತಲಿಗೆ ನಮ್ಮಪ್ಪನ ಬಣ್ಣ ಬ್ಯಾಡ ಅಂದ್ರ ನನ್ನ ಕಾಲೂ ಬ್ಯಾಡರಿ," ಎಂದಳು ದಾನಮ್ಮ. ದನಿ ಏರಿಸಲಿಲ್ಲ. ನನಗೆ ಒಳಗೊಳಗೇ ಎದೆ ಉಬ್ಬಿತು. ಬೆಳೆಸಿದವಳು ನಾನಲ್ಲವೇ?

ಬಾಳವ್ವ ಎದ್ದು ನಿಂತು ಸೆರಗು ಕೊಡವಿಕೊಂಡಳು. "ಸೋಪು ಮಾಡ್ರಿ. ಬಣ್ಣ ಮೊದಲ ಏಳ್ಲಿ. ಎತ್ತೂದು ಬಿಡೂದು ನನ್ನ ಕೈಯಾಗ ಐತಿ, ಅದು ನೆನಪಿರ್ಲಿ." ನನ್ನ ಕಡೆ ತಿರುಗಿ, "ಹುಡುಗಿಗೆ ಬುದ್ಧಿ ಹೇಳು ನೀಲವ್ವಾ, ನಿನ್ನ ಮಾತು ಕೇಳ್ತಾಳ," ಎಂದು ಹೊರಟುಹೋದಳು. ನಾನು ಬುದ್ಧಿ ಹೇಳಲಿಲ್ಲ. ಅವಳಿಗೆ ಇದ್ದದ್ದೇ ಸಾಕಾಗಿತ್ತು.

ಮರುದಿನ ದಾನಮ್ಮ ನೀರಿಗೆ ಹೋದ ಸಮಯ ನೋಡಿ ಗುರುಪಾದಪ್ಪ ಬಂದ. ರಂಗದ ಮೇಲೆ ತಲೆಯೆತ್ತಿ ನಡೆಯುತ್ತಿದ್ದವನು ನನ್ನ ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತ. "ಅಕ್ಕಾ, ಆಕಿ ಹಟಮಾರಿ. ನನ್ನ ಬಣ್ಣದ ಸಲುವಾಗಿ ಸಂಬಂಧ ಮುರದ್ರ ನಾನು ಹ್ಯಾಂಗ ತಡಕೊಳ್ಳಲಿ? ನಿನ್ನ ಬಣ್ಣ ಹಾಕಿಬಿಡು. ಆಕೀಗೆ ಹೇಳೂದು ಬ್ಯಾಡ. ಸಾಕಿದಾಕಿ ನೀನ ಹೌದಲ್ಲ, ಸುಳ್ಳೇನೂ ಆಗೂದಿಲ್ಲ. ಬಾಳವ್ವಗ ಬೇಕಾದ ತಾಯಿ ಬಣ್ಣ ಅದ."

ನನ್ನ ಬಣ್ಣ ಯಾವ ಹೊಸ್ತಿಲಿಗೂ ತಾಗುವುದಿಲ್ಲವೆಂದು ನಾನು ಎಂದೋ ಒಪ್ಪಿಕೊಂಡಿದ್ದೆ. ಊರ ಹುಡುಗಿಯರಿಗೆಲ್ಲ ಮದುವೆಯ ಸೋಪು ಮಾಡಿಕೊಟ್ಟು, ಕಟ್ಟೆಯ ಮೇಲೆ ನಿಂತು, ಇನ್ನೊಬ್ಬರ ಬಣ್ಣ ಎತ್ತುವುದನ್ನು ನೋಡಿ ಚಪ್ಪಾಳೆ ತಟ್ಟಿ ಮನೆಗೆ ಬರುತ್ತಿದ್ದೆ. ಈಗ ನನ್ನ ಗಲ್ಲದ ಬಣ್ಣದ ಡಬ್ಬಿ ಅಲ್ಲೇ ಗೂಡಿನಲ್ಲಿತ್ತು, ಕೈ ಚಾಚಿದರೆ ಸಿಗುವಂತೆ. ಆಸೆಯಾಗಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

"ಬ್ಯಾಡೋ ತಮ್ಮಾ," ಎಂದೆ. "ಆಕಿ ಕೇಳಿದ್ದು ನಿನ್ನ ಬಣ್ಣ. ಬಚ್ಚಲದಾಗ ಕುಂತು ಕಣ್ಣು ಬಿಟ್ಟು ನೋಡಿದಾಗ ನಿಂದಿರಲಿಲ್ಲ ಅಂದ್ರ, ಅಪ್ಪ ನನ್ನ ಕೈ ಬಿಟ್ಟ ಅಂತಾಳ. ಮತ್ತ ನನ್ನ ಸೋಪು ಈವತ್ತಿನತನಾ ಸುಳ್ಳು ಹೇಳಿಲ್ಲ."

"ನಿನಗ ಮನಸಿಲ್ಲೇನು?"

"ಮನಸಿನ ಮಾತು ಬಿಡು. ಹೋಗು, ಟ್ರಂಕು ತಗೊಂಬಾ." ಅಷ್ಟನ್ನು ಹೇಳುವಷ್ಟರಲ್ಲಿ ನನ್ನ ದನಿ ನಡುಗಿತು. ಅವನು ಹೋದ ಮೇಲೆ ಗೋಡೆಯಾಚೆ ಕೊಡ ಇಳಿಸಿದ ಸಪ್ಪಳ ಕೇಳಿಸಿತು. ದಾನಮ್ಮ ಯಾವಾಗ ಬಂದಳೋ ತಿಳಿಯಲಿಲ್ಲ.

ಟ್ರಂಕು ತೆರೆದರೆ ಹಳೆಯ ಎಣ್ಣೆ, ಕರ್ಪೂರ, ಬೆವರು, ಪೆಟ್ರೊಮ್ಯಾಕ್ಸಿನ ವಾಸನೆ ಎಲ್ಲ ಒಟ್ಟಿಗೆ ಬಂತು. ಒಂದು ಪೊಟ್ಟಣದಲ್ಲಿ ಇಂಗಳೀಕವಿತ್ತು. ಅದು ವಿಷ, ಮೀಯುವ ಸೋಪಿಗೆ ಬಾರದು ಎಂದು ತೆಗೆದು ಬದಿಗಿಟ್ಟೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿದ ಮೇಣದ ಬಣ್ಣದ ಕಡ್ಡಿಗಳಲ್ಲಿ ಮೊದಲು ಗೇಣುದ್ದ ಇದ್ದ ಒಂದು ಕಡ್ಡಿ ಸವೆದು ಹೆಬ್ಬೆರಳಿನಷ್ಟಾಗಿತ್ತು. ರಾಣಿ ಕಸ್ತೂರಿಯ ಗಲ್ಲಕ್ಕೂ ತುಟಿಗೂ ಅದೇ. ಗುರುಪಾದಪ್ಪ ಅದನ್ನು ನೋಡಿ ಹೊರಗೆ ಎದ್ದುಹೋದ. ಅಳುತ್ತಿದ್ದನೋ ಏನೋ, ನಾವು ಕೇಳಲಿಲ್ಲ.

ದಾನಮ್ಮ ಕಡ್ಡಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದಳು. "ಚಿಗವ್ವಾ, ಜೀವ ಐತೇನ ನೋಡೂಣು," ಎಂದವಳೇ ನಾನು ಬೇಡ ಅನ್ನುವುದರೊಳಗೆ ನನ್ನ ಎರಡೂ ಗಲ್ಲಕ್ಕೆ ತೀಡಿಬಿಟ್ಟಳು. ತೀಡಿ, ದೂರ ಸರಿದು ನಿಂತು, "ಅಯ್ಯ, ರಾಣಿ ಹಂಗ ಕಾಣಸ್ತಿ!" ಎಂದು ಕುಣಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚೀ! ನಿನ್ನ ಮದುವಿ ಸೋಪಿನ ಬಣ್ಣ ಅದು! ಈಗ ನನ್ನ ಮುಖಾ ಕಂಡ್ತಲ್ಲ!" ಎಂದು ಕಡ್ಡಿ ಕಸಿದುಕೊಂಡೆ. ಬಚ್ಚಲಿಗೆ ಹೋಗಿ ಕಡಲೆಹಿಟ್ಟು ಹಚ್ಚಿ ಗಲ್ಲ ಉಜ್ಜಿ ತೊಳೆದೆ. ಬಂದು ಚಾಕು ತೆಗೆದುಕೊಂಡು, ನನ್ನ ಗಲ್ಲ ಮುಟ್ಟಿದ ತುದಿಯನ್ನು ಉಗುರಿನಷ್ಟು ದಪ್ಪಕ್ಕೆ ಕೊಯ್ದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಆಮೇಲೆ ಚಾಕು ತೊಳೆದೆ, ಕೈ ತೊಳೆದೆ. ಉಳಿದದ್ದು ಶುದ್ಧ ಗುರುಪಾದಪ್ಪನದು. ದಾನಮ್ಮ ಗುಬ್ಬಚ್ಚಿಯಂತೆ ಮೂಲೆಯಲ್ಲಿ ಕೂತು, ನಾನು ಕೊಯ್ಯುವುದನ್ನೂ ಇಡುವುದನ್ನೂ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದೆ. ಆ ಚೂರನ್ನು ಎಸೆಯೋಣವೆಂದು ಕಿಟಕಿಯ ಕಡೆ ನೋಡಿದರೆ ಅದು ಅಲ್ಲಿರಲಿಲ್ಲ. ಮೇಣ, ಎಣ್ಣೆ ಎಂದರೆ ಇಲಿಗೆ ಇಷ್ಟ, ಒಯ್ದಿರಬೇಕು ಎಂದು ದಾನಮ್ಮನಿಗೆ ಹೇಳಿದೆ. ಅಷ್ಟು ಹೊತ್ತಿಗೆ ಎಣ್ಣೆ ಕಾದಿತ್ತು, ಹುಡುಕಲು ಪುರುಸೊತ್ತಿರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುವಿದೆ. ಅಂಬಲಿಯ ಹದ ಬಂತು, ಔಡಲೆಣ್ಣೆಯಲ್ಲಿ ಕರಗಿದ ಬಣ್ಣ ಬಿಟ್ಟೆ. ಅದು ಸುತ್ತುತ್ತ ಸುತ್ತುತ್ತ ಬಿಚ್ಚಿಕೊಂಡ ಪರಿ ನೋಡಿ ನನ್ನ ಕೈ ನಿಂತಿತು. ಗಂಡಸಿನದು ಏಳುತ್ತದೋ ಇಲ್ಲವೋ ಎಂಬ ಅಳುಕು ನನಗೂ ಇತ್ತು. ಎದ್ದಿತು. ಮಾಗಿದ ಕವಳಿಹಣ್ಣಿನ ಕಪ್ಪುಗೆಂಪು ಬಣ್ಣ. ಅಂಥದ್ದನ್ನು ನಾನು ಅದುವರೆಗೆ ಕಾಯಿಸಿರಲಿಲ್ಲ.

ಕೊನೆಯ ಸುತ್ತು ಮದುಮಗಳದು. ಅವಳು ಸೌಟು ಹಿಡಿದಾಗ ಸೋಪಿನವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹುಡುಗಿ ಆಗ ಮನಸ್ಸಿನಲ್ಲಿ ಏನು ಬೇಡಿಕೊಳ್ಳುತ್ತಾಳೋ ಅದು ಅವಳಿಗೂ ಸೋಪಿಗೂ ಬಿಟ್ಟದ್ದು. ನಾನು ತಿರುಗಿ ನಿಂತೆ. ಸೌಟು ಪಾತ್ರೆಯ ಅಂಚಿಗೆ ತಾಗುವ ಸದ್ದು ಕೇಳುತ್ತಿತ್ತು. ನಡುವೆ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು. "ಆತು ಚಿಗವ್ವಾ," ಎಂದಳು. ಅಚ್ಚಿಗೆ ಸುರಿದು, ಕಂಬಳಿ ಹೊದಿಸಿ, ಆಮೇಲೆ ತೆಗೆದು ಅಟ್ಟದ ಮೇಲೆ ಗಾಳಿಗೆ ಇಟ್ಟೆ. ಬೇರೆ ಸೋಪಾದರೆ ಒಂದು ಚೂರು ಬೋಗುಣಿಯಲ್ಲಿ ಕದಡಿ ನೊರೆ ನೋಡುತ್ತೇನೆ. ಮದುವೆಯ ಸೋಪಿಗೆ ಹಾಗೆ ಮಾಡುವಂತಿಲ್ಲ, ಅದರ ಮೊದಲ ನೊರೆ ಮದುಮಗಳದೇ ಆಗಬೇಕು.

ಮದುವೆಯ ಬೆಳಿಗ್ಗೆ ಕಾಲುವೆಯ ಎರಡೂ ದಂಡೆಗೆ ಊರಿಗೆ ಊರೇ ನೆರೆದಿತ್ತು. ಸುದ್ದಿ ಹಬ್ಬದೆ ಇರುತ್ತದೆಯೇ? ಗುರುಪಾದಪ್ಪನ ಬಣ್ಣ ಏಳುತ್ತದೆಯಂತೆ, ಬಾಳವ್ವ ಎತ್ತುವುದಿಲ್ಲವಂತೆ. ಚನ್ನವೀರ ಬಾಸಿಂಗ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ, ಕಣ್ಣೆಲ್ಲ ಕಾಲುವೆಯ ಮೇಲೆ. ಅಜ್ಜಿ ನೀರಿನ ಅಂಚಿನಲ್ಲಿ ಪರಾತ ಹಿಡಿದಿದ್ದಳು, ಹಿಡಿದ ರೀತಿಯಲ್ಲೇ ಬಿಗುಮಾನವಿತ್ತು. ಗುರುಪಾದಪ್ಪ ತಲೆಗೆ ಪಟಗ ಸುತ್ತಿಕೊಂಡು, ಹೆಗಲಿಗೆ ಟವೆಲು ಹಾಕಿಕೊಂಡು ಎಲ್ಲರ ಹಿಂದೆ, ಬೇವಿನ ಗಿಡದ ಮರೆಯಲ್ಲಿ ನಿಂತಿದ್ದ. ನಾನು ದಾನಮ್ಮನಿಗೆ ಸೋಪು ಕೊಟ್ಟು, ಅವರ ಮನೆಯ ಬಚ್ಚಲ ಬಾಗಿಲು ಮುಂದಕ್ಕೆ ಮಾಡಿ, ಓಡಿಬಂದು ಬಾಳವ್ವನ ಬದಿಗೆ ನಿಂತೆ.

ಮೇಲಿನ ತಿರುವಿನಲ್ಲಿ ಮೊದಲು ಹುಡುಗರು ಕೂಗಿದರು. ಆಮೇಲೆ ನೊರೆ ಬಂತು. ದಪ್ಪಗೆ, ಎತ್ತರಕ್ಕೆ, ಕವಳಿಹಣ್ಣಿನ ಬಣ್ಣದ್ದು, ಬಿಸಿಲಿಗೆ ಒಳಗಿನಿಂದಲೇ ಬೆಳಗುತ್ತ ಬಂತು. ಕಟ್ಟೆಯ ಮೇಲಿನ ಒಬ್ಬ ಮುದುಕಿ ಎದ್ದುನಿಂತು, "ಇವ್ವ, ರಾಣಿ ಕಸ್ತೂರಿ ಬಂದಳಲ್ಲೇ!" ಎಂದಳು. ಅಷ್ಟೇ ಸಾಕಾಯಿತು. ಊರ ಹೆಂಗಸರು ಒಬ್ಬೊಬ್ಬರೇ ಆ ಮುಖ ಗುರುತು ಹಿಡಿದರು. ಯಾರೋ ಆ ನಾಟಕದ ಮಾತೊಂದನ್ನು ಹೇಳಿದರು, ಇನ್ಯಾರೋ ಅದನ್ನು ಮುಗಿಸಿದರು. ಬೇವಿನ ಗಿಡದ ಮರೆಯಲ್ಲಿ ಗುರುಪಾದಪ್ಪ ಟವೆಲನ್ನು ಎಡಭುಜದ ಮೇಲೆ ಮಡಿಕೆ ಮಡಿಕೆಯಾಗಿ ಸರಿಮಾಡಿಕೊಳ್ಳುವುದನ್ನು ನಾನು ಕಂಡೆ. ಅವನಿಗೇ ಅದು ಗೊತ್ತಿತ್ತೋ ಇಲ್ಲವೋ.

ನೊರೆ ಹತ್ತಿರ ಬಂದಾಗ ನಾನು ಬಗ್ಗಿ ನೋಡಿದೆ. ಕವಳಿ ಬಣ್ಣದ ಸುತ್ತ, ಸೀರೆಗೆ ಅಂಚು ಹಚ್ಚಿದ ಹಾಗೆ, ತೆಳು ಗುಲಾಬಿ. ಉಳ್ಳಾಗಡ್ಡಿ ಸಿಪ್ಪೆ ಬಣ್ಣ. ದಿನಾ ಬೆಳಿಗ್ಗೆ ನನ್ನ ಬಚ್ಚಲಿನಿಂದ ಇಳಿಯುವ ಬಣ್ಣ ನನಗೆ ಗೊತ್ತಾಗದೇ? ನನ್ನ ಸೋಪಿನಲ್ಲಿ ಎರಡನೆಯ ಮುಖ! ಊರೆಲ್ಲ ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಬಾಳವ್ವನಿಗೂ ಕಂಡಿತು. ಅವಳ ಕಣ್ಣು ಇನ್ನೂ ಚುರುಕು. "ನೀಲವ್ವಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇದರಾಗ ಎರಡು ಮುಖ ಅದಾವು. ಅಂಚಿನಾಗ ಇರೂದು ಯಾರು?"

ಕಿಟಕಿಯ ಕಟ್ಟೆ, ಕಾಣೆಯಾದ ಚೂರು, ನಡುವೆ ನಿಂತ ಸೌಟಿನ ಸದ್ದು, ಎಲ್ಲ ಒಮ್ಮೆಲೇ ನನಗೆ ಹೊಳೆಯಿತು. ಇಲಿಯಲ್ಲ. ಇಲಿ ಅಲ್ಲವೇ ಅಲ್ಲ. ಯಾವ ಚೂರು ಏಳುತ್ತದೆ ಎಂದು ನನಗಿಂತ ಮೊದಲು ಹೇಳುವ ಹುಡುಗಿ ಅದು. ನನ್ನ ಗಲ್ಲಕ್ಕೆ ತೀಡಿದ್ದೂ ಆಟಕ್ಕಲ್ಲ. ಅವಮಾನ ಎಲ್ಲಿ ಹೋಯಿತೋ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ನಾನ, ಬಾಳಕ್ಕಾ," ಎಂದೆ. "ಅದು ನನ್ನ ಮುಖಾ. ಆ ಹುಡುಗಿ ನನ್ನ ಮಗಳು."

ಬಾಳವ್ವ ನನ್ನನ್ನು ನೋಡಿದಳು, ನೊರೆಯನ್ನು ನೋಡಿದಳು. "ತಾಯಿ ಬಣ್ಣ ಅಂತ ಕೇಳಿದ್ದೆ, ಬಂದೈತಿ. ಹಂಗಾರ ಅದನ್ನಷ್ಟ ಎತ್ತತೀನಿ," ಎಂದು ಬಗ್ಗಿದಳು. ಪರಾತವನ್ನು ಓರೆ ಮಾಡಿ ಗುಲಾಬಿ ಅಂಚಿನ ಕೆಳಗೆ ತೂರಿಸಿದಳು. ಎತ್ತಿದರೆ ಅಂಚಿನ ಜೊತೆಗೆ ಕವಳಿ ಬಣ್ಣವೂ ಎದ್ದು ಬಂತು. ಅದನ್ನು ನೀರಿಗೆ ಬಿಟ್ಟು ಬೇರೆ ಕಡೆಯಿಂದ ಹಾಕಿದಳು. ಮತ್ತೆ ಎರಡೂ. ಬೆರಳಿನಿಂದ ಬಿಡಿಸಲು ನೋಡಿದಳು, ಬೆರಳಿಗೂ ಎರಡೂ ಹತ್ತಿದವು. ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ನೀರಿಗೇ ಇಳಿದಳು. ಮುದುಕಿ ನೊರೆಯ ಜೊತೆ ಜಗಳಕ್ಕೆ ನಿಂತದ್ದನ್ನು ನೋಡಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ದಂಡೆಯೇ ಗೊಳ್ಳೆಂದಿತು. ಚನ್ನವೀರ ಬಾಸಿಂಗ ಹಿಡಿದುಕೊಂಡು ನಕ್ಕ.

ಬಾಳವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೂಗಿನ ಮೇಲೆ ಕವಳಿ ಬಣ್ಣ, ಗದ್ದದ ಮೇಲೆ ಉಳ್ಳಾಗಡ್ಡಿ ಬಣ್ಣ. ಅವಳ ತುಟಿ ಬಿಗಿದಿತ್ತು, ಬಿಗಿದಿತ್ತು, ಕೊನೆಗೆ ತಡೆಯಲಾರದೆ ತಾನೂ ನಕ್ಕುಬಿಟ್ಟಳು. "ಇವು ಅಗಲೂದಿಲ್ಲವಾ! ನಾನೂ ಆ ರಾಣಿ ಹಂಗ ಸೆರಗು ಹೊತ್ತಾಕೀನ, ಈಗ ಯಾಕ ಸುಳ್ಳು ಹೇಳ್ಲಿ," ಎಂದು ಎರಡೂ ಕೈಯಲ್ಲಿ ಪರಾತ ಹಿಡಿದು ನೊರೆಯ ನಟ್ಟನಡುವೆ ಹಾಕಿ ತುಂಬಿ ಎತ್ತಿದಳು. ಮೆಟ್ಟಿಲೇರಿ ಹೋಗಿ ಹೊಸ್ತಿಲಿನ ಈ ತುದಿಯಿಂದ ಆ ತುದಿಯವರೆಗೂ ಹಚ್ಚಿದಳು. ವಾಲಗ ಶುರುವಾಯಿತು. ಬೇವಿನ ಗಿಡದ ಮರೆಯಿಂದ ಗುರುಪಾದಪ್ಪನನ್ನು ಹೆಂಗಸರೇ ಎಳೆದುಕೊಂಡು ಬಂದರು.

ನಾನು ಗುರುಪಾದಪ್ಪನ ಮನೆಗೆ ಓಡಿದೆ. ದಾನಮ್ಮ ಒದ್ದೆ ಕೂದಲು ಹಿಂಡುತ್ತ ನಿಂತಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. "ಚೂರು ಇಲಿ ಒಯ್ತು ಅಂದೆಲ್ಲ, ಸಿಕ್ಕಿತೇನು ಇಲಿ?" ಎಂದಳು ಅವಳು.

"ನನ್ನ ಹೆಸರು ಹಾಳು ಮಾಡಿದೆಲ್ಲೇ!"

"ಅಪ್ಪ ನಿನ್ನ ಕೇಳಿದಾಗ ನಾನು ಗ್ವಾಡಿ ಆಚೆ ಇದ್ದೆ ಚಿಗವ್ವಾ. ನೀ ಬಾಯಿಲೆ ಬ್ಯಾಡ ಅಂದಿ, ದನಿ ಹೂಂ ಅಂತಿತ್ತು. ಅಪ್ಪಂದು ಬೇಕಿತ್ತು ನನಗ. ನಿಂದೂ ಬೇಕಿತ್ತು. ನಿನ್ನ ಸೋಪು ಸುಳ್ಳು ಹೇಳೂದಿಲ್ಲ ಅಂತೀಯಲ್ಲ, ನಿಂದು ಬಿಟ್ಟಿದ್ರ ಅದು ಸುಳ್ಳು ಹೇಳಿದಂಗ ಆಗ್ತಿತ್ತು." ಹಾಗೆಂದು ಒದ್ದೆ ತಲೆಯನ್ನು ನನ್ನ ಹೆಗಲಿಗೆ ಇಟ್ಟಳು. ನಾನು ಅತ್ತೆ. ನನ್ನ ಕೈಯಿಂದ ಕೆಟ್ಟ ಸೋಪು ಅದೊಂದೇ. ಅದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ.

ಮದುವೆಯಾಯಿತು, ಊಟವಾಯಿತು, ಹುಡುಗಿ ಆ ಹೊಸ್ತಿಲು ದಾಟಿದಳು. ಸಂಜೆ ನಾನೂ ಗುರುಪಾದಪ್ಪನೂ ಕೆರೆಯ ಮೆಟ್ಟಿಲ ಮೇಲೆ ಕೂತೆವು. ನೊರೆ ನೀರಿನ ನಡುವೆ ಗುಡ್ಡೆಯಾಗಿ ನಿಂತಿತ್ತು. ಊರಿನ ಬೇರೆಲ್ಲ ಬಣ್ಣಗಳ ನಡುವೆ ಕವಳಿ ಬಣ್ಣ, ಅದರ ಸುತ್ತ ನನ್ನ ಅಂಚು, ದೀಪ ಹತ್ತುವವರೆಗೆ. ಹೊತ್ತು ಮುಳುಗಿತು. ಹಕ್ಕಿಗಳು ಗಿಡ ಸೇರಿದವು. ನನ್ನ ಮನೆಯಲ್ಲಿ ದೀಪ ಕಾಣದೆ ಊರಿನಲ್ಲಿ ಯಾರೂ ಹಚ್ಚಲಿಲ್ಲ. ಒಬ್ಬರೂ ಬಂದು ಯಾಕೆ ತಡವಾಯಿತೆಂದು ಕೇಳಲಿಲ್ಲ. ಕೊನೆಗೆ ದೊಡ್ಡ ಮನೆಯ ಕತ್ತಲೆಯ ಬಾಗಿಲಿನಿಂದ ಬಾಳವ್ವನ ದನಿ ಬಂತು.

"ಬೀಗತೀ! ಏ ನೀಲವ್ವಾ! ಎದ್ದು ಹೋಗಿ ದೀಪಾ ಹಚ್ಚು, ನಮಗ ಅನ್ನ ಕಾಣವಲ್ದು, ಸಾರು ಕಾಣವಲ್ದು!"

"ಹಚ್ಚತೀನಿ ತಡಿ," ಎಂದು ಕೂಗಿದೆ.

ಆದರೆ ಕೂತಲ್ಲಿಂದ ಏಳಲಿಲ್ಲ.